ಮಾತ್ರೆ ಪರೀಕ್ಷೆ: ಬಣ್ಣದ ಕಾಗದ, 18 ಚಾನೆಲ್ ಸೆನ್ಸರ್, ಟಿಎಲ್‌ಸಿ ತಟ್ಟೆ

ಮಾತ್ರೆ ಅಸಲಿಯೋ ನಕಲಿಯೋ ಎಂದು ನೋಡುವ ಮೂರು ವಿಧಾನಗಳನ್ನು 500 ಮಿಗ್ರಾಂ ಪ್ಯಾರಾಸಿಟಮಾಲ್ ಮಾತ್ರೆಯೊಂದನ್ನೇ ಇಟ್ಟುಕೊಂಡು ಹೋಲಿಸಿದ್ದೇವೆ. ಬಣ್ಣದ ಪರೀಕ್ಷೆ ಹೇಳುವುದು ಔಷಧ ಇದೆಯೋ ಇಲ್ಲವೋ ಎಂದು ಮಾತ್ರ. ಸೆನ್ಸರ್ ಹೇಳುವುದು ಇದು ಹಿಂದೆ ಅಳೆದ ಮಾತ್ರೆಯ ಹಾಗೆ ಕಾಣುತ್ತದೆಯೇ ಎಂದು. ಸುಮಾರು ಎಷ್ಟಿದೆ ಎಂದು ಹೇಳಬಲ್ಲದ್ದು ಟಿಎಲ್‌ಸಿ (ತೆಳು ಪದರದ ಕ್ರೊಮಟೊಗ್ರಫಿ: ತಟ್ಟೆಯ ಮೇಲೆ ಏರುವ ದ್ರವ ಔಷಧವನ್ನು ಬೇರ್ಪಡಿಸಿ ಚುಕ್ಕೆಯಾಗಿ ತೋರಿಸುವ ವಿಧಾನ) ಒಂದೇ.

ಬಣ್ಣದ ಪರೀಕ್ಷೆ ಅತಿ ಅಗ್ಗ. 10 ಮಿಲಿ ನೀರಿಗೆ 10 ಮಿಗ್ರಾಂ ಪುಡಿ ಹಾಕಿ ಕುಲುಕಿ, ಫೆರಿಕ್ ಕ್ಲೋರೈಡ್ ದ್ರಾವಣ ಒಂದು ತೊಟ್ಟು ಬಿಟ್ಟರೆ ನೀಲಿ-ನೇರಳೆ ಬರಬೇಕು. ಅಮೆರಿಕದ ನೊಟ್ರೆ ಡೇಮ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಕಾಗದದ ಕಾರ್ಡ್ ಇದೇ ಜಾತಿಯದು: ಮೇಣದ ಗೆರೆಗಳಿಂದ ಬೇರ್ಪಟ್ಟ 12 ಓಣಿಗಳ ಮೇಲೆ ಅಡ್ಡಲಾಗಿ ಪುಡಿ ಉಜ್ಜಿ, ಕೆಳ ಅಂಚನ್ನು ನೀರಿಗೆ ಅದ್ದಿದರೆ ಕೆಲವೇ ನಿಮಿಷದಲ್ಲಿ ಬಣ್ಣ ಏಳುತ್ತದೆ. ಇಲ್ಲಿ ಎಡವುವುದು ಓದುವುದರಲ್ಲಿ. ಅಯೋಡಿನ್ ಹಾಕಿದಾಗ ಕಪ್ಪು-ನೀಲಿ ಬಂದರೆ ಪಿಷ್ಟ ಇದೆ ಎಂದಷ್ಟೇ ಅರ್ಥ. ಒಳ್ಳೆಯ ಮಾತ್ರೆಗಳಲ್ಲೂ ಪಿಷ್ಟ ಇರುತ್ತದೆ. ಆಸ್ಪಿರಿನ್‌ಗೆ ಫೆರಿಕ್ ಕ್ಲೋರೈಡ್ ನೇರಳೆ ಕೊಟ್ಟರೆ ಖುಷಿಪಡಬೇಡಿ: ಅದು ಸ್ಯಾಲಿಸಿಲಿಕ್ ಆಮ್ಲದ ಬಣ್ಣ, ಅಂದರೆ ಮಾತ್ರೆ ಕೆಟ್ಟಿದೆ. ಅರ್ಧ ಔಷಧ ಇದ್ದರೂ ಬಣ್ಣ ಬರುತ್ತದೆ ಎನ್ನುವುದು ಈ ವಿಧಾನದ ದೊಡ್ಡ ಕೊರತೆ.

ಎಎಸ್‌7265ಎಕ್ಸ್ ಸೆನ್ಸರ್ 410ರಿಂದ 940 ನ್ಯಾನೊಮೀಟರ್‌ವರೆಗೆ 18 ಚಾನೆಲ್‌ಗಳಲ್ಲಿ ಬೆಳಕು ಅಳೆಯುತ್ತದೆ, 3.3 ವೋಲ್ಟ್‌ನಲ್ಲಿ ನಡೆಯುತ್ತದೆ, ಅಂಕಿಗಳನ್ನು ಐ2ಸಿ ಎಂಬ ತಂತಿ ಸಂಪರ್ಕದಲ್ಲಿ ಕಳಿಸುತ್ತದೆ. ಹೊರಗಿನ ಬೆಳಕು ಬರದಂತೆ ಕಪ್ಪು ಕೊಳವೆ ಬೇಕು, ದೂರ ಕದಲಬಾರದು. ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪನ್ನು ಹಲವು ಪದರ ಮಾಡಿ ಬಿಳಿ ಮಾನಕವಾಗಿ ಬಳಸಿ, ಪ್ರತಿ ಓದನ್ನೂ ಅದರಿಂದ ಭಾಗಿಸಬೇಕು. ಇಡೀ ಮಾತ್ರೆಯ ಉಬ್ಬು, ಹೊಳಪು, ಕೊರೆದ ಗೆರೆ ಎಲ್ಲವೂ ಅಂಕಿಯನ್ನು ಅಲುಗಾಡಿಸುತ್ತವೆ, ಹಾಗಾಗಿ ಪುಡಿಯನ್ನೇ ಒತ್ತಿ ಅಳೆಯಿರಿ. ಇಷ್ಟೆಲ್ಲ ಮಾಡಿದ ಮೇಲೂ ಸಿಗುವುದು ಕಡಿಮೆ. ಪ್ಯಾರಾಸಿಟಮಾಲ್ ಬೆಳಕು ಹೀರುವುದು 250 ನ್ಯಾನೊಮೀಟರ್ ಆಸುಪಾಸಿನ ನೇರಳಾತೀತದಲ್ಲಿ. ಈ ಸೆನ್ಸರಿನ ಕಣ್ಣಿಗೆ ಸೀಮೆಸುಣ್ಣದ ಪುಡಿಯೂ ಬಹುತೇಕ ಹಾಗೇ ಬಿಳಿ. ಚಂದದ ಗ್ರಾಫ್ ನೋಡಿ ಮೋಸಹೋಗುವ ಅಪಾಯ ಇದರಲ್ಲೇ ಹೆಚ್ಚು.

ಕೈಯಲ್ಲಿರುವ ಹಣವನ್ನು ಟಿಎಲ್‌ಸಿಗೆ ಹಾಕಿ. ನಕಲಿ ಔಷಧ ಪತ್ತೆಗೆಂದು ಜರ್ಮನಿಯ ಜಿಪಿಎಚ್‌ಎಫ್ ಸಂಸ್ಥೆ ರೂಪಿಸಿದ ಮಿನಿಲ್ಯಾಬ್ ಪೆಟ್ಟಿಗೆಯ ಜೀವಾಳವೂ ಇದೇ. ಇಡೀ ಮಾತ್ರೆಯನ್ನು 50 ಮಿಲಿ ಮೆಥನಾಲ್‌ನಲ್ಲಿ 5 ನಿಮಿಷ ಕುಲುಕಿ (ತಕ್ಕಡಿ ಬೇಡ, ಮೆಥನಾಲ್ ವಿಷ, ಕಿಟಕಿ ತೆರೆದಿರಲಿ). ತಿಳಿಯಾದ ಮೇಲಿನ ದ್ರವ 1 ಮಿಲಿ ತೆಗೆದು 10 ಮಿಲಿಗೆ ಏರಿಸಿ. ಖಾತ್ರಿಯಾದ ಮಾದರಿಯಿಂದ ಇದೇ ಪ್ರಬಲತೆಯ ದ್ರಾವಣ ಮಾಡಿ; ಅದರ 4 ಮಿಲಿಗೆ 1 ಮಿಲಿ ಮೆಥನಾಲ್ ಸೇರಿಸಿದರೆ ಶೇ 80ರ ಮಾನಕ ಸಿದ್ಧ. ಎಫ್254 (254 ನ್ಯಾನೊಮೀಟರ್ ಬೆಳಕಿಗೆ ಹೊಳೆಯುವ) ಸಿಲಿಕಾ ತಟ್ಟೆಯ ಮೇಲೆ, ಕೆಳಗಿನಿಂದ 1.5 ಸೆಂಮೀ ಎತ್ತರದಲ್ಲಿ ಪೆನ್ಸಿಲ್ ಗೆರೆ ಎಳೆದು, ನಿಮ್ಮ ಮಾತ್ರೆಯದು, ಪೂರ್ಣ ಮಾನಕ, ಶೇ 80ರ ಮಾನಕ ಮೂರನ್ನೂ 2 ಮೈಕ್ರೊಲೀಟರ್‌ನಂತೆ ಪಕ್ಕಪಕ್ಕ ಇಡಿ. ಪೆನ್ನಿನ ಶಾಯಿ ದ್ರವದ ಜೊತೆ ಓಡುತ್ತದೆ. 10 ಮಿಲಿ ಈಥೈಲ್ ಅಸಿಟೇಟ್‌ಗೆ ಒಂದು ತೊಟ್ಟು ಅಸಿಟಿಕ್ ಆಮ್ಲ ಹಾಕಿ, ಜಾಡಿಗೆ ಅರ್ಧ ಸೆಂಮೀ ಆಳಕ್ಕಷ್ಟೇ ಸುರಿದು ತಟ್ಟೆಯನ್ನು ಅದರಲ್ಲಿ ನಿಲ್ಲಿಸಿ. ಗೆರೆ ಮುಳುಗಿದರೆ ಚುಕ್ಕೆಗಳು ಕರಗಿಹೋಗುತ್ತವೆ. ತಟ್ಟೆ ಇಳಿಸುವ ಮೊದಲೇ ಜಾಡಿಯೊಳಗೆ ಸೋಸು ಕಾಗದ ನಿಲ್ಲಿಸಿ ಆವಿ ತುಂಬಲು ಬಿಡದಿದ್ದರೆ ದ್ರವದ ಅಂಚು ಬಾಗುತ್ತದೆ.

ಒಣಗಿದ ತಟ್ಟೆಯನ್ನು 254 ನ್ಯಾನೊಮೀಟರ್ ದೀಪದಡಿ ನೋಡಿದರೆ ಹಸಿರು ಹೊಳಪಿನ ಮೇಲೆ ಕಪ್ಪು ಚುಕ್ಕೆ. ಖೋಟಾ ನೋಟು ಪತ್ತೆಗೆ ಬಳಸುವ 395 ನ್ಯಾನೊಮೀಟರ್ ಟಾರ್ಚ್‌ಗೆ ಅದು ಕಾಣುವುದೇ ಇಲ್ಲ; ಹೆಚ್ಚಿನ ಸೋಲು ಇಲ್ಲೇ. 254ರ ಬೆಳಕು ಕಣ್ಣು, ಚರ್ಮ ಸುಡುತ್ತದೆ. ಕನ್ನಡಕ, ಕೈಗವಸು ಬೇಕೇಬೇಕು. ನಿಮ್ಮ ಚುಕ್ಕೆ ಶೇ 80ರದ್ದಕ್ಕಿಂತ ತೆಳುವಾಗಿದ್ದರೆ ಇನ್ನೆರಡು ಮಾತ್ರೆಗಳಲ್ಲಿ ಮತ್ತೆ ಮಾಡಿ.

ಸಿರಪ್‌ಗೆ ಈ ಕ್ರಮ ಸಾಲದು. 2025ರಲ್ಲಿ ಮಧ್ಯಪ್ರದೇಶದ ಛಿಂದ್‌ವಾಡಾದಲ್ಲಿ ಮಕ್ಕಳ ಜೀವ ತೆಗೆದ ಕೆಮ್ಮಿನ ಸಿರಪ್‌ನಲ್ಲಿ ಡೈಇಥಿಲಿನ್ ಗ್ಲೈಕಾಲ್ ಎಂಬ ವಿಷದ್ರವ ಶೇ 48.6ರಷ್ಟಿತ್ತು, ಮಿತಿ ಶೇ 0.1. ಈ ವಿಷ 254ರ ದೀಪದಡಿ ಕಾಣುವುದಿಲ್ಲ, ಅದಕ್ಕೆ ಬೇರೆ ದ್ರಾವಕ, ಪರ್ಮಾಂಗನೇಟ್ ಸಿಂಪಡಣೆ ಬೇಕು.

ಅನುಮಾನ ಗಟ್ಟಿಯಾದರೆ ಉಳಿದ ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಬೇಡಿ. ಬ್ಯಾಚ್ ಸಂಖ್ಯೆ, ರಸೀದಿ ಜೋಪಾನವಾಗಿರಲಿ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ, ಕೊಂಡವರು ಯಾರೇ ಆಗಲಿ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು.