ಇಂಟರ್‌ಸೆಪ್ಟರ್ ಬೈಕಿಗೆ ರೈಸರ್ರಾ ಫ್ಯಾಟ್ ಬಾರಾ, ಚಿಕ್ಕ ವೈಸರ್ರಾ ದೊಡ್ಡ ಶೀಲ್ಡಾ?

ಮೊದ್ಲೇ ಹೇಳ್ಬಿಡ್ತೀನಿ, ಹ್ಯಾಂಡಲ್ ಒಂದು ಲೆಕ್ಕ, ಫೇರಿಂಗ್ ಅಂದ್ರೆ ಮುಂದಿನ ಗಾಳಿ ಮರೆ ಇನ್ನೊಂದು ಲೆಕ್ಕ ಅಂತ ಬೇರೆ ಬೇರೆ ತಗೊಂಡ್ರೆ ದುಡ್ಡು ದಂಡ. ಹ್ಯಾಂಡಲ್ ಒಂದಿಂಚು ಮೇಲೆ ಬಂದ್ರೆ ಬೆನ್ನು ನೆಟ್ಟಗಾಗುತ್ತೆ, ಬೆನ್ನು ನೆಟ್ಟಗಾದ್ರೆ ತಲೆ ಮೇಲಕ್ಕೆ ಹೋಗುತ್ತೆ, ನಿನ್ನೆವರೆಗೂ ಸರಿಯಾಗಿದ್ದ ಶೀಲ್ಡ್ (ಗಾಳಿ ತಡೆಯೋ ಪ್ಲಾಸ್ಟಿಕ್ ಗಾಜು) ಇವತ್ತಿಂದ ಗಾಳಿನ ಸೀದಾ ಹೆಲ್ಮೆಟ್‌ಗೆ ತಂದು ಬಡಿಯುತ್ತೆ. ಅಂಗಡಿಯೋರು ಇದನ್ನ ಹೇಳಲ್ಲ, ಅವರಿಗೆ ಎರಡೂ ಮಾರ್ಬೇಕಲ್ಲ.

ನಂದು ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650, ಕಂಪನಿಯಿಂದ ಬರೋವಾಗ ಮುಂದೆ ಏನೂ ಮರೆ ಇಲ್ಲ, ರೌಂಡ್ ಹೆಡ್‌ಲೈಟ್ ಅಷ್ಟೇ. ತುಮಕೂರು ಒಳಗೆ ಬಿಎಚ್ ರೋಡಲ್ಲಿ ಓಡಾಡೋಕೆ ಅದೇ ಚಂದ. ಸಿರಾ ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಹೊರಟ್ರೆ ಮಾತ್ರ ಎದೆ ಮೇಲೆ ಯಾರೋ ಕೈ ಇಟ್ಟು ತಳ್ತಾ ಇದ್ದಂಗೆ. ಗಾಳಿ ಒತ್ತಡ ಸ್ಪೀಡಿನ ವರ್ಗದ ಲೆಕ್ಕದಲ್ಲಿ ಏರುತ್ತೆ, ಅಂದ್ರೆ 60ರಿಂದ 90ಕ್ಕೆ ಹೋದ್ರೆ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು.

ಹ್ಯಾಂಡಲ್ ವಿಷ್ಯಕ್ಕೆ ಬರೋಣ. ರೈಸರ್ ಅಂದ್ರೆ ಹಳೇ ಹ್ಯಾಂಡಲ್ ಹಾಗೇ ಇಟ್ಕೊಂಡು ಅದನ್ನ ಹಿಡಿದಿರೋ ಕ್ಲಾಂಪ್ ಕೆಳಗೆ ಅಲ್ಯೂಮಿನಿಯಂ ತುಂಡು ಕೂರಿಸೋದು. ಬರೀ ಎತ್ತರ ಕೊಡೋದೂ ಸಿಗುತ್ತೆ, ಎತ್ತರದ ಜೊತೆಗೆ ಹಿಂದಕ್ಕೂ ತರೋದು ಸಿಗುತ್ತೆ, ಎರಡನೇದು ತಗೊಳ್ಳಿ, ಭುಜ ನೋವು ಕಮ್ಮಿ ಮಾಡೋದು ಎತ್ತರಕ್ಕಿಂತ ಆ ಹಿಂದಕ್ಕೆ ಬರೋದೇ. ಒಂದಿಂಚಿನ ಒಳಗಿದ್ರೆ ನನ್ನ ಗಾಡೀಲಿ ಕೇಬಲ್ ಒಂದನ್ನೂ ಬದಲಾಯಿಸೋ ಅಗತ್ಯ ಬರ್ಲಿಲ್ಲ. ಅದಕ್ಕಿಂತ ಜಾಸ್ತಿ ಎತ್ತಿದ್ರೆ ಕ್ಲಚ್ ಕೇಬಲ್, ಆಕ್ಸಿಲೇಟರ್ ಕೇಬಲ್, ಮುಂದಿನ ಬ್ರೇಕ್ ಹೋಸ್ ಮೂರೂ ಬಿಗಿ ಆಗ್ತಾ ಬರುತ್ತೆ. ಫಿಟ್ಟಿಂಗ್ ಆದ್ಮೇಲೆ ಒಂದು ಕೆಲಸ ಮರೀದೆ ಮಾಡಿ: ಡಬಲ್ ಸ್ಟ್ಯಾಂಡ್ ಹಾಕಿ ನ್ಯೂಟ್ರಲ್‌ನಲ್ಲಿ ಇಂಜಿನ್ ಆನ್ ಇಟ್ಟು ಹ್ಯಾಂಡಲ್‌ನ ಪೂರ್ತಿ ಎಡಕ್ಕೆ ಪೂರ್ತಿ ಬಲಕ್ಕೆ ತಿರುಗಿಸಿ, ಐಡ್ಲಿಂಗ್ ಶಬ್ದ ತಾನಾಗೇ ಏರಿದ್ರೆ ಕೇಬಲ್ ಎಳೀತಾ ಇದೆ ಅಂತ ಅರ್ಥ. ದೇವರಾಯನದುರ್ಗ ಘಾಟಿ ತಿರುವಲ್ಲಿ ಹಾಗಾದ್ರೆ ಗಾಡಿ ನೀವು ಹೇಳಿದ ಕಡೆ ಹೋಗಲ್ಲ.

ಫ್ಯಾಟ್ ಬಾರ್ ಕಥೆ ಬೇರೆ, ಅದು ಹಳೇ ಹ್ಯಾಂಡಲ್ ತೆಗೆದು ಹಾಕೋ ದಪ್ಪ ಹ್ಯಾಂಡಲ್. ಮಧ್ಯದಲ್ಲಿ 28.6 ಎಂಎಂ ದಪ್ಪ, ತುದಿಗೆ ಬರ್ತಾ ಬರ್ತಾ 22 ಎಂಎಂ. ತುದಿ 22 ಇರೋದ್ರಿಂದ ಗ್ರಿಪ್ಪು ಲಿವರ್ರು ಸ್ವಿಚ್ಚು ಎಲ್ಲಾ ಹಳೇದೇ ಕೂರುತ್ತೆ, ಆದ್ರೆ ಕ್ಲಾಂಪ್ ಹೊಸದು ಬೇಕು, ಅದನ್ನ ಯಾರೂ ರೇಟ್ ಹೇಳೋವಾಗ ಸೇರಿಸಿ ಹೇಳಲ್ಲ. ಸ್ವಿಚ್ ಡಬ್ಬಿ ಒಳಗೆ ಒಂದು ಪುಟ್ಟ ಗೂಟ ಇರುತ್ತೆ, ಅದು ಕೂರೋಕೆ ಬಾರಲ್ಲಿ ತೂತು ಹೊಡೀಬೇಕು. ನಮ್ಮ ಮೆಕ್ಯಾನಿಕ್ ಅಣ್ಣ ಅಳತೆ ಹಿಡಿದು ಮಾರ್ಕರಲ್ಲಿ ಚುಕ್ಕೆ ಇಟ್ಟು ಮೂರು ಸಲ ಗ್ರಿಪ್ ಹಿಡಿಸಿ ನೋಡಿ ಆಮೇಲೆ ಡ್ರಿಲ್ ಇಟ್ಟ. ಕೆಲವರು ಗೂಟಾನೇ ಉಜ್ಜಿ ತೆಗೀತಾರೆ, ಅದು ಬೇಡ, ಆಕ್ಸಿಲೇಟರ್ ಸೆಟ್ಟು ಪೂರ್ತಿ ಬಾರ್ ಮೇಲೆ ಸುತ್ತೋಕೆ ಶುರು ಮಾಡುತ್ತೆ. ಓಡಿಸೋಕೆ ಹೇಗಿದೆ ಅಂದ್ರೆ ಮಣ್ಣು ರಸ್ತೇಲಿ ಸಕತ್ತು, ಅಗಲ ಜಾಸ್ತಿ ಇರೋದ್ರಿಂದ ತಿರುಗಿಸೋದು ಹಗುರ. ಅದೇ ಅಗಲ ಸಿಟೀಲಿ ಎರಡು ಆಟೋ ಮಧ್ಯ ತೂರೋವಾಗ ಶಾಪ. ಕೈ ಅಗಲ ಆದಷ್ಟೂ ಎದೆ ಅಗಲ, ಹೈವೇಲಿ ಗಾಳಿ ಇನ್ನೂ ಜಾಸ್ತಿ ತಿಂತೀರ. ನನಗೆ ರೈಸರ್ರೇ ಸರಿ, ಕಾಸೂ ಕಮ್ಮಿ.

ಕ್ಲಬ್‌ಮ್ಯಾನ್ ಥರದ ಬಗ್ಗಿಸಿ ಕೂರಿಸೋ ಹ್ಯಾಂಡಲ್ಲೂ ಸ್ನೇಹಿತನ ಗಾಡೀಲಿ ನೋಡ್ದೆ. ಫೋಟೋಗೆ ಚೆನ್ನಾಗಿದೆ. ಮಣಿಕಟ್ಟಿಗೆ ಚೆನ್ನಾಗಿಲ್ಲ.

ಈಗ ಗಾಳಿ ಮರೆ. ಹೆಡ್‌ಲೈಟ್ ಮೇಲೆ ಕೂರೋ ಚಿಕ್ಕ ವೈಸರ್ ನೋಡಿ ತಮಾಷೆ ಮಾಡೋರೇ ಜಾಸ್ತಿ, ಇಷ್ಟು ಅಂಗೈ ಅಗಲದ್ದು ಏನು ತಡೆಯುತ್ತೆ ಅಂತ. ತಡೆಯೋದು ಹೊಟ್ಟೆ ಮತ್ತೆ ಎದೆಯ ಕೆಳಭಾಗ ಅಷ್ಟೇ, ಆದ್ರೆ ತಲೆಗೆ ಬರೋ ಗಾಳಿ ಚೊಕ್ಕವಾಗಿ ಬರುತ್ತೆ, ಸುಳಿ ಇರಲ್ಲ. ದೊಡ್ಡ ಶೀಲ್ಡ್ ಹಾಕಿದ್ರೆ ಎದೆ ಫುಲ್ ಆರಾಮು, ತಲೆ ಮಾತ್ರ ಸುಳಿ ಒಳಗೆ ಸಿಕ್ಕಿ ಹೆಲ್ಮೆಟ್ ಡಬಡಬ ಅಲ್ಲಾಡುತ್ತೆ. ನಿಮ್ಮದೂ ಹಾಗಾ ಅಂತ ತಿಳ್ಕೊಬೇಕಾ, ಖಾಲಿ ರಸ್ತೇಲಿ ಫುಟ್‌ರೆಸ್ಟ್ ಮೇಲೆ ಸ್ವಲ್ಪ ಎದ್ದು ನೋಡಿ. ಶಬ್ದ ತಟ್ಟನೆ ತಿಳಿಯಾದ್ರೆ ಶೀಲ್ಡ್ ನಿಮಗೆ ಅರ್ಧಂಬರ್ಧ ಎತ್ತರ ಇದೆ ಅಂತ. ಒಂದೋ ತಗ್ಗಿಸಿ, ಇಲ್ಲಾ ಇನ್ನೂ ಎತ್ತರದ್ದು ತಗೊಳ್ಳಿ, ಆದ್ರೆ ಮೇಲಿನ ಅಂಚು ಮೂಗಿನ ಮಟ್ಟ ದಾಟ್ಬಾರ್ದು, ಮಳೇಲಿ ರಾತ್ರಿ ಎದುರು ಲಾರಿ ಲೈಟ್ ಬಿದ್ರೆ ಪ್ಲಾಸ್ಟಿಕ್ ಒಳಗಿಂದ ಏನೂ ಕಾಣಲ್ಲ.

ನಿಜವಾದ ಪರೀಕ್ಷೆ ಚಿತ್ರದುರ್ಗದ ಹತ್ರ, ಗುಡ್ಡದ ಮೇಲೆ ಫ್ಯಾನ್ ಸಾಲು ನಿಂತಿರೋ ಕಡೆ. ಅಲ್ಲಿ ಫ್ಯಾನ್ ನೆಟ್ಟಿರೋದು ಸುಮ್ಮನೆ ಅಲ್ಲ, ಗಾಳಿ ಪಕ್ಕದಿಂದ ಗುದ್ದುತ್ತೆ. ಫೋರ್ಕಿಗೆ (ಮುಂದಿನ ಚಕ್ರ ಹಿಡಿದಿರೋ ಕೊಳವೆಗಳಿಗೆ) ಕಟ್ಟಿದ ದೊಡ್ಡ ಶೀಲ್ಡ್ ಹ್ಯಾಂಡಲ್ ಜೊತೆಗೇ ತಿರುಗೋದ್ರಿಂದ ಶೀಲ್ಡಿಗೆ ಬಿದ್ದ ಏಟು ಸೀದಾ ಸ್ಟೇರಿಂಗಿಗೆ ಬರುತ್ತೆ, ಲಾರಿ ಓವರ್‌ಟೇಕ್ ಮಾಡಿ ಅದರ ಮರೆಯಿಂದ ಆಚೆ ಬಂದ ಕೂಡ್ಲೇ ಗಾಡಿ ಅರ್ಧ ಲೇನ್ ಸರಿಯುತ್ತೆ. ಫ್ರೇಮಿಗೆ ಕಟ್ಟೋ ಹಾಫ್ ಫೇರಿಂಗಲ್ಲಿ ಈ ಕಾಟ ಕಮ್ಮಿ, ಏಟು ಗಾಡಿಗೆ ಬೀಳುತ್ತೆ, ಕೈಗೆ ಅಷ್ಟು ಬರಲ್ಲ. ಆದ್ರೆ ಬ್ರಾಕೆಟ್ ಜಾಸ್ತಿ, ಖರ್ಚು ಜಾಸ್ತಿ, ಎತ್ತರದ ಹ್ಯಾಂಡಲ್ ಜೊತೆ ಪೂರ್ತಿ ತಿರುಗಿಸಿದಾಗ ಲಿವರ್ ಹೋಗಿ ಫೇರಿಂಗಿಗೆ ತಗಲುತ್ತೆ. ಹಂಗಾಗಿ ಆ ಎರಡನ್ನ ಜೋಡಿ ಮಾಡೋದು ಬಿಟ್ಟೇ ಬಿಡಿ.

ನನ್ನ ಗಾಡೀಲಿ ಉಳ್ಕೊಂಡಿರೋದು ಹಿಂದಕ್ಕೆ ಬರೋ ರೈಸರ್ ಮತ್ತೆ ಚಿಕ್ಕದಕ್ಕಿಂತ ನಾಲ್ಕು ಬೆರಳು ಎತ್ತರದ ವೈಸರ್. ದಿನಾ ಬರೀ ಹೈವೇಲೇ ಓಡೋರಿಗೆ ಫ್ರೇಮ್ ಫೇರಿಂಗ್ ಜೊತೆ ಕಂಪನಿ ಹ್ಯಾಂಡಲ್ ಬೆಸ್ಟ್. ವೈಸರ್ ಪಾಲಿಕಾರ್ಬೊನೇಟ್ ಆಗಿದ್ರೆ ಒಣ ಬಟ್ಟೇಲಿ ಉಜ್ಜಬೇಡಿ, ಗೀರು ಬೀಳುತ್ತೆ, ಪೆಟ್ರೋಲ್ ಹಾಕಿ ಒರೆಸೋದಂತೂ ಬೇಡವೇ ಬೇಡ, ಒದ್ದೆ ಬಟ್ಟೆ ಹತ್ತು ನಿಮಿಷ ಹೊದಿಸಿಟ್ರೆ ಹುಳ ಎಲ್ಲಾ ನೆನೆದು ತಾನೇ ಬಿಡುತ್ತೆ.

ಕಾನೂನು ಬಗ್ಗೆ ಕೇಳೋರು ಇರ್ತಾರೆ. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಗಾಡಿ ಮಾರ್ಪಾಡಿನ ಬಗ್ಗೇನೇ ಇದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಕಂಪನಿ ಕೊಟ್ಟ ಸ್ಪೆಸಿಫಿಕೇಶನ್‌ಗೆ ವಿರುದ್ಧವಾಗಿ ಬದಲಾಯಿಸೋ ಹಾಗಿಲ್ಲ ಅಂತ ಹೇಳಿದೆ. ಅದಕ್ಕೇ ಫ್ರೇಮಲ್ಲಿ ವೆಲ್ಡಿಂಗ್, ಕಟಿಂಗ್ ಕೇಳೋ ಯಾವ ಕಿಟ್ಟೂ ಬೇಡ, ಬೋಲ್ಟ್ ಬಿಚ್ಚಿದ್ರೆ ವಾಪಸ್ ಮೊದಲಿನಂಗೆ ಆಗ್ಬೇಕು, ಕಂಪನಿ ಹ್ಯಾಂಡಲ್‌ನ ಗುಜರಿಗೆ ಹಾಕದೆ ಅಟ್ಟದ ಮೇಲೆ ಇಟ್ಕೊಳ್ಳಿ, ಗಾಡಿ ಮಾರೋವಾಗ ತಗೊಳ್ಳೋರು ಮೊದ್ಲು ಕೇಳೋದೇ ಅದನ್ನ.