ರೋಗಿಯೇ ಅಂಕ ಕೊಡುವ ‘ಕ್ಯಾಟ್’ ನಮೂನೆ: ನಮ್ಮ ಪಿಜಿಗಳಿಗೆ ಬಳಸಬಹುದೇ?

ಎಂಡಿ, ಎಂಎಸ್ ಓದುತ್ತಿರುವ ವೈದ್ಯರು, ಅಂದರೆ ಪಿಜಿಗಳು, ರೋಗಿಗಳ ಜೊತೆ ಹೇಗೆ ಮಾತಾಡುತ್ತಾರೆ ಎಂದು ಅಳೆಯುವ ಹೆಚ್ಚಿನ ಸಾಧನಗಳಲ್ಲಿ ಅಂಕ ಕೊಡುವವರು ಮೇಷ್ಟ್ರೇ. ‘ಕಮ್ಯುನಿಕೇಷನ್ ಅಸೆಸ್‌ಮೆಂಟ್ ಟೂಲ್’, ಅಂದರೆ ಕ್ಯಾಟ್, ಪೆನ್ನನ್ನು ರೋಗಿಯ ಕೈಗೆ ಕೊಡುತ್ತದೆ. ಅಮೆರಿಕದ ಗ್ರೆಗರಿ ಮಾಕೂಲ್ ಮತ್ತು ಸಂಗಡಿಗರು 38 ವೈದ್ಯರು, 950 ರೋಗಿಗಳ ಮೇಲೆ ಪರೀಕ್ಷಿಸಿ 2007ರಲ್ಲಿ ಇದನ್ನು ಪ್ರಕಟಿಸಿದರು. ಒಂದೇ ಹಾಳೆ, 15 ಸಾಲು. ನಾಲ್ಕನೇ ತರಗತಿ ಓದಿದವರಿಗೂ ಅರ್ಥವಾಗುವ ಇಂಗ್ಲಿಷಿನಲ್ಲಿದೆ. ಕನ್ನಡದಲ್ಲಿ ಬಳಸಬೇಕೆನ್ನುವ ವಿಭಾಗಗಳು ಕಣ್ಣಿಡಬೇಕಾದ ಜಾಗಗಳನ್ನು ಇಲ್ಲಿ ಹೇಳಿದ್ದೇವೆ.

ಮೊದಲು ಇದರ ನಿಜವಾದ ಬಲ. ಪ್ರತಿ ಸಾಲಿಗೂ 1ರಿಂದ 5 ಅಂಕವಿದೆ, ಆದರೆ ಲೆಕ್ಕಕ್ಕೆ ಹಿಡಿಯುವುದು 5 ಬಂದದ್ದನ್ನು ಮಾತ್ರ. ಬಹುಪಾಲು ರೋಗಿಗಳು ಡಾಕ್ಟರಿಗೆ ನಾಲ್ಕಕ್ಕಿಂತ ಕಡಿಮೆ ಹಾಕುವುದಿಲ್ಲ. ಸರಾಸರಿ ತೆಗೆದರೆ ಎಲ್ಲ ಪಿಜಿಗಳೂ 4.5ರ ಆಸುಪಾಸಿನಲ್ಲೇ ನಿಂತು, ಯಾರಿಗೆ ಏನು ಹೇಳಿಕೊಡಬೇಕೆಂದೇ ತಿಳಿಯದು. ಐದನ್ನು ಮಾತ್ರ ಎಣಿಸಿದರೆ ಚಿತ್ರ ಬಿಚ್ಚಿಕೊಳ್ಳುತ್ತದೆ. ಒಬ್ಬ ಪಿಜಿಗೆ 25 ಹಾಳೆ ಬಂದಿವೆ ಎಂದುಕೊಳ್ಳಿ. ‘ಗೌರವದಿಂದ ಕಂಡರು’ ಎಂಬಲ್ಲಿ 21 ಹಾಳೆಯಲ್ಲಿ ಐದು, ಅಂದರೆ 84%. ‘ಹೇಳಿದ್ದು ನನಗೆ ಅರ್ಥವಾಯಿತೇ ಎಂದು ಖಾತ್ರಿ ಮಾಡಿಕೊಂಡರು’ ಎಂಬಲ್ಲಿ 9, ಅಂದರೆ 36%. ಮುಂದಿನ ಪಾಠ ಯಾವುದೆಂದು ಹಾಳೆಯೇ ಹೇಳಿತು.

ಕನ್ನಡಕ್ಕೆ ತರುವಾಗ ಕೆಡುವುದು ಪ್ರಶ್ನೆಗಳಿಗಿಂತ ಹೆಚ್ಚಾಗಿ ಅಂಕದ ಹೆಸರುಗಳು. ಎರಡನೇ ಮೆಟ್ಟಿಲಿಗೆ, ಅಂದರೆ 2 ಅಂಕದ ‘ಫೇರ್’ಗೆ, ‘ಪರವಾಗಿಲ್ಲ’ ಎಂದು ಬರೆಯುವುದು ಸಹಜವೆನಿಸುತ್ತದೆ. ಆದರೆ ನಮ್ಮ ಕಡೆ ‘ಪರವಾಗಿಲ್ಲ, ಡಾಕ್ಟ್ರು ಚೆನ್ನಾಗೇ ನೋಡ್ತಾರೆ’ ಎಂದರೆ ಅದು ಹೊಗಳಿಕೆ! ಮೆಚ್ಚಿದವರೂ 2ಕ್ಕೆ ಗುರುತು ಹಾಕಿಬಿಡುತ್ತಾರೆ. ‘ಉತ್ತಮ, ಅತ್ಯುತ್ತಮ’ ಎಂಬ ಜೋಡಿಯೂ ಬೇಡ. ಓದಿ ಹೇಳುವಾಗ ಎರಡೂ ಒಂದೇ ಥರ ಕೇಳಿಸುತ್ತವೆ. ‘ಸರಿಯಿಲ್ಲ, ಅಷ್ಟಕ್ಕಷ್ಟೆ, ಚೆನ್ನಾಗಿದೆ, ತುಂಬಾ ಚೆನ್ನಾಗಿದೆ, ಇದಕ್ಕಿಂತ ಚೆನ್ನಾಗಿ ಆಗಲ್ಲ’ ಎಂಬ ಆಡುಮಾತಿನ ಐದು ಮೆಟ್ಟಿಲು ಕಿವಿಗೆ ಬೇರೆಬೇರೆಯಾಗಿ ನಿಲ್ಲುತ್ತವೆ. ‘ಮಧ್ಯೆ ಬಾಯಿ ಹಾಕಲಿಲ್ಲ’ ಎಂಬಂಥ ಇಲ್ಲ-ವಾಕ್ಯಕ್ಕೆ ‘ತುಂಬಾ ಚೆನ್ನಾಗಿದೆ’ ಎಂಬ ಉತ್ತರ ಕೂರುವುದಿಲ್ಲ. ‘ನಾನು ಹೇಳುವುದನ್ನು ಪೂರ್ತಿ ಹೇಳಲು ಬಿಟ್ಟರು’ ಎಂದು ತಿರುಗಿಸಿ.

‘ನನ್ನ ಆರೋಗ್ಯದ ಬಗ್ಗೆ ನನ್ನ ಅನಿಸಿಕೆಯಲ್ಲಿ ಆಸಕ್ತಿ ತೋರಿದರು’ ಎಂಬ ಸಾಲನ್ನು ಹಲವರು ತೆಗೆದುಹಾಕಲು ನೋಡುತ್ತಾರೆ, ನಮ್ಮ ರೋಗಿಗಳಿಗೆ ಅದು ಅನ್ವಯಿಸದು ಎಂದು. ದಯವಿಟ್ಟು ತೆಗೆಯಬೇಡಿ. ‘ನಂಜಾಗಿದೆ’, ‘ಉಷ್ಣ ಆಗಿದೆ’, ‘ಬರೀ ಗ್ಯಾಸು’ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡು ಬಂದವರ ಮಾತು ಕೇಳದೆ ಬರೆದ ಮಾತ್ರೆ ಎಷ್ಟೋ ಸಲ ಮನೆಯ ಕಪಾಟಿನಲ್ಲೇ ಉಳಿಯುತ್ತದೆ. ‘ನಿಮಗೆ ಇದು ಯಾತಕ್ಕೆ ಬಂತು ಅನ್ಸುತ್ತೆ?’ ಎಂದು ಪಿಜಿ ಕೇಳಿದರೇ ಇಲ್ಲವೇ ಎಂಬುದನ್ನು ಹಿಡಿಯುವ ಸಾಲು ಇದೊಂದೇ. ಬಿಡಬಹುದಾದದ್ದು ಹದಿನೈದನೆಯದು. ಅದು ಡಾಕ್ಟರ ಸಿಬ್ಬಂದಿಯ ಬಗ್ಗೆ ಕೇಳುತ್ತದೆ. ಬೋಧನಾ ಆಸ್ಪತ್ರೆಯ ಪಿಜಿಗೆ ಸ್ವಂತ ಸಿಬ್ಬಂದಿ ಎಲ್ಲಿದೆ?

ಇನ್ನು ಓಪಿಡಿಯ ನಡೆ. ರೋಗಿ ಒಂದೇ ಬೆಳಿಗ್ಗೆ ಇಂಟರ್ನ್, ಪಿಜಿ, ಯೂನಿಟ್ ಚೀಫ್ ಮೂವರನ್ನೂ ಕಂಡಿರುತ್ತಾರೆ. ‘ಡಾಕ್ಟ್ರು’ ಎಂದರೆ ಅವರ ತಲೆಯಲ್ಲಿ ಉಳಿದಿರುವುದು ಕೊನೆಯಲ್ಲಿ ನೋಡಿದ ದೊಡ್ಡ ಡಾಕ್ಟರು. ಹಾಗಾಗಿ ಹಾಳೆಯ ಮೇಲ್ಭಾಗದಲ್ಲಿ ಆ ಪಿಜಿಯ ಫೋಟೋ ಇರಲೇಬೇಕು. ರೋಗಿಗಳನ್ನು ಆರಿಸಬೇಡಿ, ಸಾಲಾಗಿ ಬಂದವರನ್ನೇ ಕೇಳಿ. ಆಯ್ಕೆ ಪಿಜಿಯ ಕೈಗೆ ಹೋದರೆ ನಗುನಗುತ್ತಾ ಹೊರಟವರ ಹಾಳೆಯಷ್ಟೇ ಬರುತ್ತದೆ. ಕೇಳುವ ಜಾಗ ಕೋಣೆಯ ಬಾಗಿಲಲ್ಲ, ಔಷಧಿ ಕೌಂಟರಿನ ಸಾಲು. ಓದಲು ಬಾರದವರಿಗೆ ಏಪ್ರನ್ ಹಾಕದ ಒಬ್ಬರು ಓದಿ ಹೇಳಬೇಕು. ಬಿಳಿ ಕೋಟು ಎದುರಿಗಿದ್ದರೆ ಎಲ್ಲಕ್ಕೂ ಐದು ಬೀಳುತ್ತದೆ. ಸ್ವತಃ ಓದಿ ತುಂಬುವವರಿಗೆ ಒಂದೆರಡು ನಿಮಿಷ ಸಾಕು, ಓದಿ ಹೇಳುವಾಗ ಅದು ಸಾಲದು. ಜೊತೆಗೆ ಬಂದ ಮಗನೋ ಸೊಸೆಯೋ ಉತ್ತರಿಸಿದರೆ ಹಾಳೆಯಲ್ಲಿ ಗುರುತು ಮಾಡಿ ಬೇರೆ ಇಡಿ.

ಮಿತಿಯೂ ಸಣ್ಣದಲ್ಲ. ಮಾತ್ರೆಯ ಪ್ರಮಾಣವನ್ನು ತಪ್ಪಾಗಿ, ಆದರೆ ನಯವಾಗಿ ಹೇಳಿದ ವೈದ್ಯರಿಗೂ ಪೂರ್ಣ ಅಂಕ ಬರಬಹುದು. ಕ್ಯಾನ್ಸರಿನ ಸುದ್ದಿ ತಿಳಿಸುವುದು, ಆಪರೇಷನ್‌ಗೆ ಒಪ್ಪಿಗೆ ಪಡೆಯುವುದು ಇಂಥವನ್ನು ಪಕ್ಕದಲ್ಲಿ ಕೂತು ನೋಡದೆ ಅಳೆಯಲಾಗದು. ಅದಕ್ಕೆ ಮಿನಿ-ಸಿಇಎಕ್ಸ್ ಬೇಕು: ಪಿಜಿ ರೋಗಿಯ ಜೊತೆ ಇರುವಾಗ ಮೇಷ್ಟ್ರು ಹದಿನೈದಿಪ್ಪತ್ತು ನಿಮಿಷ ನೋಡಿ, ಐದು ನಿಮಿಷ ತಿದ್ದಿ ಹೇಳುವುದು. ತುರ್ತು ವಿಭಾಗದಲ್ಲಿ ಒಬ್ಬ ವೈದ್ಯರನ್ನು ಬೇರ್ಪಡಿಸಿ ನೋಡುವುದೇ ಕಷ್ಟ, ಅಲ್ಲಿಗೆ ಇಡೀ ತಂಡಕ್ಕೆ ಅಂಕ ಕೊಡುವ ಕ್ಯಾಟ್-ಟಿ ಹೊಂದುತ್ತದೆ.

ಪಾಸು-ಫೇಲಿಗೆ ಇದನ್ನು ಬಳಸುವುದನ್ನು ನಾವು ಒಪ್ಪುವುದಿಲ್ಲ. 25 ಹಾಳೆಯಲ್ಲಿ ಇಬ್ಬರ ಉತ್ತರ ಬದಲಾದರೆ ಒಂದು ಸಾಲಿನ ಅಂಕ 8% ಏರುಪೇರಾಗುತ್ತದೆ. ತರಬೇತಿಗಾದರೆ ಖಂಡಿತ ಬಳಸುವಂಥ ಸಾಧನ. ಫಲಿತಾಂಶವನ್ನು ನೋಟಿಸ್ ಬೋರ್ಡಿಗೆ ಹಾಕದೆ ಪಿಜಿಯನ್ನು ಒಬ್ಬರನ್ನೇ ಕೂರಿಸಿಕೊಂಡು ಕೊಡಿ. ಹದಿನಾಲ್ಕನ್ನೂ ಓದಬೇಡಿ, ಕೆಳಗಿನ ಎರಡು ಸಾಲು ಸಾಕು. ಮುಂದಿನ ವಾರದ ಮಿನಿ-ಸಿಇಎಕ್ಸ್‌ನಲ್ಲಿ ಆ ಎರಡನ್ನೇ ನೋಡಿ, ಆರು ತಿಂಗಳಾದ ಮೇಲೆ ಮತ್ತೆ 25 ಹಾಳೆ ತುಂಬಿಸಿ.