ಸೂಪರ್ ಕಬ್‌ಗೆ 31 ಇಂಚಿನ ಟಂಡ್ರಾ ಟೈರು: ಕೆಲವು ಬೇಸಿಗೆಗಳ ಬಳಕೆಯ ನಂತರ

ಟಂಡ್ರಾ ಟೈರು ಅಂದರೆ ಜಲ್ಲಿ, ಮರಳಿನಂಥ ಒರಟು ನೆಲದಲ್ಲಿ ಇಳಿಯುವ ಸಣ್ಣ ವಿಮಾನಗಳಿಗೆ ಹಾಕುವ, ಕಡಿಮೆ ಗಾಳಿಯ ದಪ್ಪ ಟೈರು. ಅದನ್ನು ಕೊಳ್ಳಲು ಹೊರಟವರು ಮೊದಲು ಕೇಳುವುದೇ ಎಷ್ಟು ಇಂಚು ಎತ್ತರ ಅಂತ. 26 ಸಾಕಾ, 29 ಬೇಕಾ, 31 ಹಾಕಿಸಿಬಿಡಲಾ, 35 ಅತಿಯಾಯಿತಾ? ನಾನು ಬೇರೆ ಕಡೆಯಿಂದ ಶುರುಮಾಡಿ ಅನ್ನುತ್ತೇನೆ. ನಿಮ್ಮ ವಿಮಾನ ರಾತ್ರಿ ನಿಲ್ಲುವುದೆಲ್ಲಿ, ಇಂಧನ ತುಂಬಿಸುವುದೆಲ್ಲಿ, ಇವೆರಡನ್ನು ಬರೆದುಕೊಳ್ಳಿ. ಎರಡೂ ಕಡೆ ಡಾಂಬರೇ ಇದ್ದರೆ 31ರ ಆಸೆ ಬಿಡಿ. ಒಂದು ಕಡೆಯಾದರೂ ಜಲ್ಲಿಯೋ ಹುಲ್ಲೋ ಇದ್ದರೆ ಮುಂದೆ ಓದಿ.

ನಾನಿರುವುದು ಅಲಾಸ್ಕದ ಆಂಕರೇಜ್‌ನಲ್ಲಿ. ವಿಮಾನ 150 ಅಶ್ವಶಕ್ತಿಯ ಪೈಪರ್ ಸೂಪರ್ ಕಬ್: ಒಂದರ ಹಿಂದೊಂದು ಎರಡು ಸೀಟು, ಮುಂದೆ ಎರಡು ಚಕ್ರ, ಬಾಲದಡಿ ಒಂದು ಪುಟ್ಟ ಚಕ್ರ. ಅದರ ಗುಣಗಾನ ಇಲ್ಲಿ ಬೇಡ. ಟೆಕ್ಸಾಸ್, ಕ್ಯಾಲಿಫೋರ್ನಿಯಾ ಕಡೆ ಹಾರಾಟ ಕಲಿತು ಬೇಸಿಗೆಯಲ್ಲಿ ಇಲ್ಲಿಗೆ ಬರುವ ಕನ್ನಡದ ಗೆಳೆಯರು ವಿಮಾನ ಬಿಟ್ಟು ಅದರ ಟೈರಿನ ಫೋಟೋ ತೆಗೆಯುತ್ತಾರೆ, ಆಮೇಲೆ ತಮ್ಮದಕ್ಕೂ ಹಾಕಿಸಬೇಕು ಅನ್ನುತ್ತಾರೆ. ಅವರಿಗಾಗಿ ಇದನ್ನು ಬರೆದೆ. ಈ ರಾಜ್ಯದ ಐದರಲ್ಲಿ ನಾಲ್ಕು ಊರುಗಳಿಗೆ ಹೆದ್ದಾರಿಯ ಸಂಪರ್ಕವಿಲ್ಲ. ಇಲ್ಲಿ ದಪ್ಪ ಟೈರು ಶೋಕಿಗೆ ಹಾಕಿದ್ದಲ್ಲ.

ದುಡ್ಡು ಕೊಡುವುದು ಅಳತೆಗಲ್ಲ, ಮೆದುತನಕ್ಕೆ. ಕಬ್ ಪೂರ್ತಿ ಭಾರ ಹೊತ್ತಾಗ 1,750 ಪೌಂಡ್. ಬಾಲಚಕ್ರದ ಪಾಲು ಕಳೆದರೆ ಮುಂದಿನ ಒಂದೊಂದು ಚಕ್ರದ ಮೇಲೆ 800 ಪೌಂಡ್ ಆಸುಪಾಸು ಬೀಳುತ್ತದೆ. 8.50-6 ಎಂಬ ಅಳತೆಯ, ಸುಮಾರು 22 ಇಂಚು ಎತ್ತರದ ಮಾಮೂಲಿ ಟೈರಿಗೆ 24 ಪಿಎಸ್‌ಐ (ಚದರ ಇಂಚಿಗೆ 24 ಪೌಂಡ್ ಒತ್ತಡ) ಗಾಳಿ ಹಾಕಿದರೆ ನೆಲ ಮುಟ್ಟುವ ಜಾಗ ಸುಮಾರು 33 ಚದರ ಇಂಚು. ಅದೇ ಭಾರಕ್ಕೆ ಗಾಳಿಯನ್ನು 8ಕ್ಕೆ ಇಳಿಸಿದರೆ 100 ಚದರ ಇಂಚು. ಟೈರಿನ ಪಕ್ಕೆಯ ಬಿಗಿಯನ್ನು ಬಿಟ್ಟು ಹಾಕಿದ ಲೆಕ್ಕ ಇದು, ಆದರೂ ಅಂದಾಜಿಗೆ ಸಾಕು. ಮರಳಿನಲ್ಲಿ ಹೂತುಹೋಗುವುದೋ ಮೇಲೆ ತೇಲುವುದೋ ಅನ್ನುವುದು ಈ ಮೂರು ಪಟ್ಟಿನಲ್ಲಿದೆ. ದೊಡ್ಡ ಇಂಚು ಬೇಕಾಗುವುದೂ ಇದಕ್ಕೇ: ಗಾಳಿ ಅಷ್ಟು ಕಮ್ಮಿ ಇಟ್ಟರೂ ಕಲ್ಲು ರಿಮ್ಮಿಗೆ ಬಡಿಯದಂತೆ ತಡೆಯಲು ಎತ್ತರದ ಪಕ್ಕೆ ಬೇಕು. ಕಡಿಮೆ ಗಾಳಿಯ ದಪ್ಪ ಟೈರು ಇವತ್ತಿನ ಕಲ್ಪನೆಯೇನಲ್ಲ. 1930ರ ದಶಕದ ಕಬ್‌ಗಳೇ ಗುಡ್‌ಇಯರ್ ಏರ್‌ವೀಲ್ ಮೇಲೆ ಹೊಲಗಳಲ್ಲಿ ಇಳಿಯುತ್ತಿದ್ದವು.

ಕೊಳ್ಳುವಾಗ ನೋಡಲೇಬೇಕಾದದ್ದು ವಾಲ್ವ್ ಎಲ್ಲಿದೆ ಅನ್ನುವುದು. ಟ್ಯೂಬ್ ಇರುವ ಟೈರಿನಲ್ಲಿ ಗಾಳಿ ತೀರಾ ಇಳಿಸಿ ಬ್ರೇಕ್ ಒತ್ತಿದರೆ ರಿಮ್ ನಿಂತು ಟೈರು ಜಾರುತ್ತದೆ, ಟ್ಯೂಬು ಅದರ ಜೊತೆ ಎಳೆದುಕೊಂಡು ಹೋಗಿ ವಾಲ್ವ್ ಬುಡದಲ್ಲೇ ಹರಿಯುತ್ತದೆ. ನಾನು ಹಾಕಿಸಿದ್ದು ಟ್ಯೂಬಿಲ್ಲದ, ವಾಲ್ವನ್ನು ಟೈರಿನ ಪಕ್ಕೆಗೇ ಕೂಡಿಸಿದ ಜಾತಿ. ರಿಮ್ಮಿನ ಮೇಲೆ ಟೈರು ಒಂದಿಷ್ಟು ತಿರುಗಿದರೂ ವಾಲ್ವ್ ಅದರ ಜೊತೆಗೇ ತಿರುಗುತ್ತದೆ, ಹರಿಯಲು ಏನೂ ಇಲ್ಲ. ಹೊಳೆಯ ನಡುವಿನ ದಿಣ್ಣೆಯಲ್ಲಿ ಒಬ್ಬರೇ ಇಳಿಯುವವರಿಗೆ ಇದೊಂದೇ ಗುಣ ಸಾಕು.

ಕ್ನಿಕ್ ನದಿಯ ಜಲ್ಲಿದಿಣ್ಣೆಯಲ್ಲಿ ಮೊದಲ ಸಲ ಇಳಿದಾಗ ನನಗೆ ಆದ ಸಂತೋಷವನ್ನು ಯಾವ ಕಂಪನಿಯೂ ಬರೆದು ತಿಳಿಸಿರಲಿಲ್ಲ. ಸದ್ದೇ ಇಲ್ಲ! ಹಳೆಯ ಟೈರಿನಲ್ಲಿ ಅದೇ ದಿಣ್ಣೆಯ ಮೇಲೆ ಓಡುವಾಗ ಹಲ್ಲು ಕಟಕಟ ಅನ್ನುತ್ತಿತ್ತು, ಸಲಕರಣೆ ಫಲಕದ ಸೂಜಿಗಳು ಓದಲಾರದಷ್ಟು ನಡುಗುತ್ತಿದ್ದವು, ಹಿಂದಿನ ಸೀಟಿನಲ್ಲಿದ್ದವರು ಬಾಗಿಲಿನ ಕಂಬಿ ಹಿಡಿದುಕೊಳ್ಳುತ್ತಿದ್ದರು. ಈಗ ಆನೆ ಕಾಲೂರಿದಾಗ ಪಾದ ಹರಡಿಕೊಳ್ಳುವ ಹಾಗೆ ಟೈರು ಕಲ್ಲಿನ ಮೇಲೆ ಹರಡಿ, ಅದನ್ನು ಒಳಗೆ ತೆಗೆದುಕೊಂಡು ದಾಟುತ್ತದೆ. ವಿಮಾನದ ಮೈಗೆ ಪೆಟ್ಟು ಬರುವುದೇ ಇಲ್ಲ. ಕಬ್‌ನ ಕಾಲಿಗೆ ಸುತ್ತಿರುವ ರಬ್ಬರ್ ಹುರಿಗಳು, ಕೊಳವೆ ಚೌಕಟ್ಟಿನ ಬೆಸುಗೆಗಳು, ಮೇಲಿನ ಬಟ್ಟೆ, ಎಲ್ಲದರ ಆಯಸ್ಸೂ ಇದರಿಂದ ಹೆಚ್ಚುತ್ತದೆ ಎಂದು ನನ್ನ ನಂಬಿಕೆ. ವಾರ್ಷಿಕ ತಪಾಸಣೆಯಲ್ಲಿ ಮೆಕ್ಯಾನಿಕ್ ಕಾಲಿನ ಬಗ್ಗೆ ದೂರು ಹೇಳುವುದು ಕಡಿಮೆಯಾಗಿದೆ.

ಹಾರುವ ದಿನದ ಬೆಳಗಿನ ಕೆಲಸವೂ ಬದಲಾಯಿತು, ಅದು ನನಗೆ ಬಹಳ ಇಷ್ಟ. ಕಾಫಿ ಫ್ಲಾಸ್ಕ್ ರೆಕ್ಕೆಯ ಆಸರೆ ಕಂಬದ ಬುಡದಲ್ಲಿಟ್ಟು ಮಂಡಿಯೂರಿ ಕೂರುತ್ತೇನೆ. ಕಾರಿನ ಗೇಜ್ ಇಲ್ಲಿ ಪ್ರಯೋಜನವಿಲ್ಲ, 6ಕ್ಕೂ 9ಕ್ಕೂ ಅದಕ್ಕೆ ವ್ಯತ್ಯಾಸವೇ ತಿಳಿಯದು. ಕಾಡುದಾರಿಯ ನಾಲ್ಕು ಚಕ್ರದ ಬೈಕುಗಳಿಗೆ ಬರುವ 15 ಪಿಎಸ್‌ಐವರೆಗಿನ ಗೇಜ್ ತಗೊಳ್ಳಿ. ಅಳೆದ ಮೇಲೆ ಪಕ್ಕೆಯ ಕೆಳಭಾಗದ ಮಡಿಕೆಯನ್ನು ಅಂಗೈಯಲ್ಲಿ ಸವರುತ್ತೇನೆ. ಎಡಕ್ಕೂ ಬಲಕ್ಕೂ ಮಡಿಕೆ ಒಂದೇ ಆಳಕ್ಕಿರಬೇಕು. ಕಮ್ಮಿ ಕಂಡ ಕಡೆಗೆ ಸೈಕಲ್ ಪಂಪಿನಲ್ಲಿ ಗಾಳಿ ಹೊಡೆಯುತ್ತೇನೆ. ಟೈರಿನ ಹೊಟ್ಟೆ ದೊಡ್ಡದು, ಒಂದು ಪಿಎಸ್‌ಐ ಏರಿಸಲು ಬೆವರು ಬರುತ್ತದೆ, ಚಳಿಯ ಮುಂಜಾನೆ ಅದೂ ಹಿತವೇ. ಆ ಪಂಪು, ಪಂಕ್ಚರ್ ಮುಚ್ಚುವ ರಬ್ಬರ್ ಬತ್ತಿಗಳು ಸದಾ ಸೀಟಿನ ಹಿಂದೆ ಇರುತ್ತವೆ.

ಹವೆಯ ವಿಷಯದಲ್ಲಿ ಈ ಟೈರು ಸೂಕ್ಷ್ಮ. ಬೆಚ್ಚಗಿನ ಹ್ಯಾಂಗರಿನಲ್ಲಿ, 20 ಡಿಗ್ರಿಯಲ್ಲಿ, 8 ಪಿಎಸ್‌ಐ ತುಂಬಿಸಿದ್ದು ಹೊರಗೆ ಮೈನಸ್ 20ಕ್ಕೆ ಬಂದರೆ 5ರ ಹತ್ತಿರ ಇಳಿಯುತ್ತದೆ. ಕಾರಿನ ಟೈರಿನಲ್ಲಿ ಮೂರು ಪಿಎಸ್‌ಐ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ, ಇಲ್ಲಿ ಮೂರನೇ ಒಂದು ಭಾಗವೇ ಹೋಯಿತು. ಬೆಟ್ಟ ಹತ್ತಿದರೆ ಇದರ ತಿರುವು ಮುರುವು. ಸಮುದ್ರಮಟ್ಟದಲ್ಲಿ 8 ಇದ್ದದ್ದು 3,000 ಅಡಿ ಎತ್ತರದ ದಿಣ್ಣೆಯಲ್ಲಿ ಒಂದೂವರೆ ಪಿಎಸ್‌ಐ ಹೆಚ್ಚಿರುತ್ತದೆ, ಏಕೆಂದರೆ ಹೊರಗಿನ ವಾತಾವರಣದ ಒತ್ತಡ ಅಷ್ಟು ಕಡಿಮೆಯಾಗಿರುತ್ತದೆ. ಕಲ್ಲು ಜಾಸ್ತಿ ಇರುವ ಜಾಗಕ್ಕೇ ಟೈರು ಗಡುಸಾಗಿ ಹೋಗುತ್ತದೆ. ಆದ್ದರಿಂದ ಇಳಿಯುವ ಊರನ್ನು ನೋಡಿ ಗಾಳಿ ಹಾಕಬೇಕು, ಹೊರಡುವ ಊರನ್ನು ನೋಡಿ ಅಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ಬೇಸರದ ಮಾತಿಗೆ ಬರುತ್ತೇನೆ. ಮೆತ್ತಗಿನ ಈ ರಬ್ಬರನ್ನು ಡಾಂಬರು ತಿಂದುಹಾಕುತ್ತದೆ. ಗಾಳಿಯಲ್ಲಿ ಸುಮ್ಮನಿದ್ದ ಅಷ್ಟು ತೂಕದ ಚಕ್ರ ನೆಲ ಮುಟ್ಟಿದ ಕ್ಷಣದಲ್ಲಿ ಗಂಟೆಗೆ 40 ಮೈಲಿಯ ವೇಗಕ್ಕೆ ತಿರುಗಬೇಕು. ತಿರುಗುವ ತನಕ ಉಜ್ಜುತ್ತದೆ. ಜಲ್ಲಿಯಾದರೆ ಕಲ್ಲು ಜರುಗಿ ದಾರಿ ಕೊಡುತ್ತದೆ, ಡಾಂಬರು ಕೊಡುವುದಿಲ್ಲ. ನಮ್ಮೂರಿನ ವಿಮಾನ ನಿಲ್ದಾಣಗಳ ಪೈಕಿ ಲೇಕ್ ಹುಡ್‌ನಲ್ಲಿ ಜಲ್ಲಿ ರನ್‌ವೇ ಇದೆ, ಮೆರಿಲ್ ಫೀಲ್ಡಿನಲ್ಲೂ ಡಾಂಬರಿನ ಜೊತೆಗೆ ಒಂದು ಜಲ್ಲಿ ಪಟ್ಟಿ ಇದೆ, ಆಂಕರೇಜ್ ಜನ ಅದೃಷ್ಟವಂತರು. ಆದರೆ ಮನೆಯವಳಿಗೆ ಕಡಲಂಚಿನ ಊರು ಹೋಮರ್ ಅಂದರೆ ಪ್ರಾಣ, ಹೋಮರ್ ರನ್‌ವೇ ಡಾಂಬರು. ಅಲ್ಲಿಗೆ ಹೋಗಿಬಂದಾಗಲೆಲ್ಲ ಟೈರಿನ ನಡುವಿನ ಗೆರೆ ಇನ್ನಷ್ಟು ನುಣುಪಾಗಿರುವುದು ಕೈಗೆ ಸಿಗುತ್ತದೆ. ಮಳೆ ಬಿದ್ದು ರನ್‌ವೇ ಒದ್ದೆಯಾಗಿದ್ದರೆ ಸವೆತ ಕಡಿಮೆ. ಹೋಮರಿನಲ್ಲಿ ಮಳೆ ಬಂದರೆ ಈಗ ನನಗೆ ನಿಜವಾಗಿ ಖುಷಿಯಾಗುತ್ತದೆ. ಒಂದು ಜೊತೆಗೆ ಹಲವು ಸಾವಿರ ಡಾಲರ್ ಕೊಟ್ಟ ಸಂಬಳದಾರನಿಗೆ ಈ ಸವೆತವನ್ನು ನೋಡುವುದು ಕಷ್ಟ. ವ್ಯಾಪಾರಿಗಳು ಇದನ್ನು ಮೊದಲೇ ಜೋರಾಗಿ ಹೇಳಬೇಕು, ಹೇಳುವುದಿಲ್ಲ.

ಬ್ರೇಕಿನ ಖರ್ಚನ್ನೂ ಟೈರಿನ ಬೆಲೆಗೆ ಸೇರಿಸಿಕೊಂಡೇ ಯೋಚಿಸಿ. 22 ಇಂಚಿನ ಆಸುಪಾಸಿನ 8.50 ಟೈರಿದ್ದ ಕಡೆ 31 ಬಂದರೆ, ಅದೇ ಬ್ರೇಕು ನೆಲದ ಮೇಲೆ ಹಿಡಿಯುವ ಬಲ ಸುಮಾರು ಶೇಕಡ 30 ಕುಸಿಯುತ್ತದೆ. ಎಂಜಿನ್ ಪರೀಕ್ಷೆಗೆ ಥ್ರಾಟಲ್ ಏರಿಸಿದರೆ ವಿಮಾನ ನಿಲ್ಲದೆ ತೆವಳುತ್ತದೆ. ಜೋಡಿ ಕ್ಯಾಲಿಪರ್ ಬ್ರೇಕು (ಒಂದೊಂದು ಚಕ್ರದ ಬ್ರೇಕ್ ತಟ್ಟೆಯನ್ನು ಎರಡು ಹಿಡಿಕೆಗಳು ಒತ್ತುವಂಥದ್ದು) ಹಾಕಿಸದೆ 31ಕ್ಕೆ ಕೈ ಹಾಕಬೇಡಿ. ಜೊತೆಗೆ ಈ ಟೈರು ಹಾಕಲು ಅನುಮತಿ ಪತ್ರ, ವಿಮಾನದ ಹೊಸ ತೂಕದ ಹಾಳೆ, ಅದನ್ನು ಸಹಿ ಮಾಡುವ ಮೆಕ್ಯಾನಿಕ್‌ನ ದಿನಗೂಲಿ.

ಹಾರಾಟದಲ್ಲಿ ಐದಾರು ಮೈಲಿ ವೇಗ ಹೋಯಿತು. ಕಬ್‌ನಲ್ಲಿ ಅವಸರದ ಪ್ರಯಾಣ ಯಾರೂ ಮಾಡುವುದಿಲ್ಲ, ನನಗೆ ಚಿಂತೆಯಿಲ್ಲ. ನೆಲದ ಮೇಲೆ ಮೂಗು ಇನ್ನೂ ಮೇಲಾಗಿ ಮುಂದೆ ಕಾಣುವುದು ಕಷ್ಟ, ಅಂಕುಡೊಂಕಾಗಿ ಓಡಿಸಿಕೊಂಡು ಹೋಗಬೇಕು. ಆದರೆ ಅದೇ ಎತ್ತರದಿಂದ ಪ್ರೊಪೆಲ್ಲರ್ ಕಲ್ಲಿನಿಂದ ದೂರವಾಯಿತು, ಮೂರೂ ಚಕ್ರ ಒಟ್ಟಿಗೆ ಊರುವಾಗ ಇನ್ನಷ್ಟು ನಿಧಾನವಾಗಿ ಇಳಿಯಬಹುದು. ಜೋರಾಗಿ ಊರಿದರೆ ಮಾತ್ರ ಪುಟಿಯುತ್ತದೆ, ಗಾಳಿ ಹೆಚ್ಚಿದ್ದಷ್ಟೂ ಪುಟಿತ ಹೆಚ್ಚು.

ಬೇಸರ ಕಳೆದದ್ದು ಆಂಕರೇಜ್‌ವರೆಗೆ ಒಳಚಾಚಿರುವ ಕಡಲ ತೋಳು ಕುಕ್ ಇನ್ಲೆಟ್‌ನ ಪಶ್ಚಿಮ ದಡದಲ್ಲಿ. ಪಾಲಿ ಕ್ರೀಕ್ ಕಡಲತೀರಕ್ಕೆ ಜನ ರೇಜರ್ ಕ್ಲಾಮ್ ಎಂಬ ಉದ್ದ ಚಿಪ್ಪಿ ಅಗೆಯಲು ವಿಮಾನದಲ್ಲಿ ಹೋಗುತ್ತಾರೆ, ರಸ್ತೆ ಇಲ್ಲ. ಇಳಿತ ನೋಡಿಕೊಂಡು ಹೋಗಿ, ಉಬ್ಬರ ಬರುವ ಮೊದಲು ಏಳಬೇಕು. ಈ ಇನ್ಲೆಟ್‌ನ ಒಳಭಾಗದ ಉಬ್ಬರ ಇಳಿತ ಲೋಕದ ದೊಡ್ಡವುಗಳಲ್ಲಿ ಒಂದು. ಒದ್ದೆ ಮರಳು ಎಲ್ಲಿ ಗಟ್ಟಿ, ಎಲ್ಲಿ ಕುಸಿಯುತ್ತದೆ ಅನ್ನುವುದು ಮೇಲಿನಿಂದ ಪೂರ್ತಿ ತಿಳಿಯುವುದಿಲ್ಲ. ಚಕ್ರ ಹೂತು ನೀರು ಏರತೊಡಗಿದರೆ ವಿಮಾನವೇ ಹೋಯಿತು. 6 ಪಿಎಸ್‌ಐಗೆ ಇಳಿಸಿದ ಟೈರು ಅಲ್ಲಿ ಬಿಟ್ಟ ಗುರುತು ನನ್ನ ಬೂಟಿನ ಗುರುತಿಗಿಂತ ಆಳ ಕಮ್ಮಿ ಇತ್ತು. ಅದನ್ನು ನೋಡಿದ ಮೇಲೆ ಡಾಲರಿನ ಲೆಕ್ಕ ಹಗುರವಾಯಿತು. ಮನೆಗೆ ಬಂದೊಡನೆ ಬ್ರೇಕು, ಬೇರಿಂಗಿನ ಸುತ್ತ ಸಿಹಿನೀರು ಹಾಯಿಸಿ ಉಪ್ಪು ತೊಳೆಯುವುದು ಕಡ್ಡಾಯ.

ನನ್ನ ತೀರ್ಮಾನ ಹೀಗೆ. ಸಣ್ಣ ಊರುಗಳ ಜಲ್ಲಿ ರನ್‌ವೇಗಳಿಗೆ ಮಾತ್ರ ಹೋಗುವವರಿಗೆ 8.50 ಧಾರಾಳ ಸಾಕು. ಅರ್ಧ ಡಾಂಬರು, ಅರ್ಧ ಹೊಳೆದಂಡೆ ಅನ್ನುವವರು 26 ನೋಡಿ. ಗಡುಸು, ಬಾಳಿಕೆ ಬರುತ್ತದೆ, ಮಾಮೂಲಿ ಬ್ರೇಕಿನಲ್ಲೂ ಒಂದು ಮಟ್ಟಕ್ಕೆ ನಡೆಯುತ್ತದೆ. ಕಡಲತೀರ, ದುಂಡುಕಲ್ಲಿನ ದಿಣ್ಣೆ, ಹೆಸರಿಲ್ಲದ ಬೆಟ್ಟದ ನೆತ್ತಿ, ಇವು ನಿಮ್ಮ ವಾರಾಂತ್ಯಗಳಾದರೆ 31ಕ್ಕೆ ಉಳಿತಾಯ ಮಾಡಿ. 35 ನನ್ನ ಬಳಕೆಗೆ ಬೇಕಿಲ್ಲ.

ಈ ಜೊತೆ ಸವೆದ ಮೇಲೆ ನಾನು ಮತ್ತೆ 31 ನ್ನೇ ತರುತ್ತೇನೆ. ಹೋಮರ್‌ಗೆ ಹೋಗುವ ವಾರಗಳಿಗೆಂದು ಹಳೆಯ 8.50ಗಳನ್ನು ಅವುಗಳ ರಿಮ್ಮಿನ ಸಮೇತ ಹ್ಯಾಂಗರಿನಲ್ಲಿ ಇಟ್ಟುಕೊಂಡಿದ್ದೇನೆ. ಟೈರು ಬಿಚ್ಚಿ ಹಾಕುವುದನ್ನು ಇಲ್ಲಿನ ನಿಯಮ ಮಾಲೀಕ ಪೈಲಟ್‌ಗೇ ಬಿಟ್ಟಿದೆ. ಎರಡು ಅಳತೆಗೂ ಕಾಗದ, ತೂಕದ ಹಾಳೆ ಸರಿಯಿದೆಯೇ ಎಂದು ಮೆಕ್ಯಾನಿಕ್ ಹತ್ತಿರ ಒಮ್ಮೆ ಖಚಿತಪಡಿಸಿಕೊಂಡು, ಬದಲಿಸಿದ ಪ್ರತಿ ಸಲವೂ ಲಾಗ್‌ಬುಕ್ಕಿನಲ್ಲಿ ಬರೆದಿಡಿ.